ಕೊಯಿಂಬ್ರಾದ ವಿದ್ಯಾರ್ಥಿ ಸಂಘ ಮತ್ತು ಒಂದು ಕಾಲ್ಚೆಂಡಿನ ಪಂದ್ಯ

ನಮ್ಮ ನೆರೆಯ ಗೋವೆಯನ್ನು 1961ರವರೆಗೆ ಆಳಿದ ಪೋರ್ಚುಗಲ್ಲನ್ನು ನಾವು ವಸಾಹತುಶಾಹಿಯೆಂದೇ ಓದಿದ್ದೇವೆ, ನಾನೂ ಹಾಗೆಯೇ ಬೋಧಿಸಿದ್ದೇನೆ. ಗೋವೆಯನ್ನು ಬಿಗಿಹಿಡಿದಿದ್ದ ಆ ಸರ್ವಾಧಿಕಾರದ ಅಡಿಯಲ್ಲಿ ಪೋರ್ಚುಗಲ್ಲಿನ ಜನರೂ ನಲುಗಿದ್ದರು. ಅದಕ್ಕೆ ನಿದರ್ಶನವಾದ ಒಂದು ಪ್ರಸಂಗವನ್ನು ಇಲ್ಲಿ ನಿರೂಪಿಸುತ್ತೇನೆ.

ಕೊಯಿಂಬ್ರಾ ವಿಶ್ವವಿದ್ಯಾಲಯದ ಮೂಲ 1290ರಷ್ಟು ಹಳೆಯದು. ಅಲ್ಲಿಯ ವಿದ್ಯಾರ್ಥಿಗಳು 1887ರಲ್ಲಿ ತಮ್ಮದೇ ಸಂಘವೊಂದನ್ನು ಸ್ಥಾಪಿಸಿದರು. ಸಂಗೀತ, ನಾಟಕ, ಕ್ರೀಡೆ ಎಲ್ಲಕ್ಕೂ ಅದೇ ಆಶ್ರಯ. ಅದರ ಕಾಲ್ಚೆಂಡಿನ ತಂಡಕ್ಕೆ 'ಅಕಾಡೆಮಿಕಾ' ಎಂದು ಹೆಸರು. ವಿದ್ಯಾರ್ಥಿಗಳ ಸಾಂಪ್ರದಾಯಿಕ ಉಡುಪಿನ ಕಪ್ಪು ಬಣ್ಣವೇ ಅದರ ಸಮವಸ್ತ್ರ. 1939ರಲ್ಲಿ ಬೆನ್ಫಿಕಾ ತಂಡವನ್ನು 4-3ರಿಂದ ಸೋಲಿಸಿ ಮೊಟ್ಟಮೊದಲ ಪೋರ್ಚುಗಲ್ ಕಪ್ ಗೆದ್ದುದು ಈ ತಂಡವೇ.

1969ರ ಏಪ್ರಿಲ್ 17ರಂದು ವಿಶ್ವವಿದ್ಯಾಲಯದ ಗಣಿತ ವಿಭಾಗದ ನೂತನ ಕಟ್ಟಡದ ಉದ್ಘಾಟನೆ. ರಾಷ್ಟ್ರಾಧ್ಯಕ್ಷ ಅಮೆರಿಕೊ ತೊಮಾಸ್ ವೇದಿಕೆಯಲ್ಲಿದ್ದರು. ಸಂಘದ ಅಧ್ಯಕ್ಷ, ಕಾನೂನು ವಿದ್ಯಾರ್ಥಿ ಆಲ್ಬರ್ಟೊ ಮಾರ್ಟಿನ್ಸ್ ಎದ್ದುನಿಂತು, ವಿದ್ಯಾರ್ಥಿಗಳ ಪರವಾಗಿ ಮಾತನಾಡಲು ಅನುಮತಿ ಬೇಡಿದರು. ಅನುಮತಿ ದೊರೆಯಲಿಲ್ಲ, ಅಂದು ರಾತ್ರಿಯೇ ಅವರ ಬಂಧನವಾಯಿತು. ವಿದ್ಯಾರ್ಥಿಗಳು ತರಗತಿಗಳನ್ನು ತೊರೆದರು. ಜೂನ್ ತಿಂಗಳ ಪರೀಕ್ಷೆಗಳನ್ನು ಬಹುಪಾಲು ವಿದ್ಯಾರ್ಥಿಗಳು ಬಹಿಷ್ಕರಿಸಿದರು. ಒಂದು ವರ್ಷದ ಓದನ್ನೇ ಪಣಕ್ಕಿಡುವುದೆಂದರೆ ಏನೆಂಬುದು ವಿದ್ಯಾರ್ಥಿಗಳಾಗಿದ್ದ ನಿಮಗೆ ತಿಳಿಯದ್ದಲ್ಲ.

ಅದೇ ವರ್ಷ ಅಕಾಡೆಮಿಕಾ ಮತ್ತೆ ಕಪ್‌ನ ಅಂತಿಮ ಪಂದ್ಯವನ್ನು ತಲುಪಿತು. ಜೂನ್ 22ರಂದು ಲಿಸ್ಬನ್ ಬಳಿಯ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಎದುರಾಳಿಯಾಗಿ ನಿಂತದ್ದು ಅದೇ ಬೆನ್ಫಿಕಾ. ಆಟಗಾರರು ಕಪ್ಪು ಮೇಲಂಗಿಗಳನ್ನು ಹೆಗಲಿನಿಂದ ಇಳಿಬಿಟ್ಟು, ಶೋಕಸೂಚಕವಾಗಿ ನಿಧಾನವಾಗಿ ಹೆಜ್ಜೆಯಿಡುತ್ತ ಅಂಗಳಕ್ಕೆ ಬಂದರು. ಪ್ರೇಕ್ಷಕರ ನಡುವೆ ವಿದ್ಯಾರ್ಥಿಗಳ ಬೇಡಿಕೆಗಳ ಫಲಕಗಳು ಮೇಲೆದ್ದವು. ರಾಷ್ಟ್ರಾಧ್ಯಕ್ಷರು ಅತ್ತ ಸುಳಿಯಲಿಲ್ಲ. ದೂರದರ್ಶನದಲ್ಲಿ ನೇರಪ್ರಸಾರವೂ ಇರಲಿಲ್ಲ. ಅಕಾಡೆಮಿಕಾ ಮೊದಲು ಗೋಲು ಹೊಡೆದರೂ, ಹೆಚ್ಚುವರಿ ಅವಧಿಯಲ್ಲಿ ಯುಸೇಬಿಯೊ ಗಳಿಸಿದ ಗೋಲಿನಿಂದ ಬೆನ್ಫಿಕಾ 2-1ರಿಂದ ಗೆದ್ದಿತು.

ಹೋರಾಟದಲ್ಲಿದ್ದ ಹಲವು ವಿದ್ಯಾರ್ಥಿಗಳನ್ನು ಸರ್ಕಾರವು ಬಲವಂತವಾಗಿ ಸೈನ್ಯಕ್ಕೆ ಸೇರಿಸಿತು. ಆಫ್ರಿಕಾದ ವಸಾಹತುಗಳಲ್ಲಿ ಆಗ ಯುದ್ಧ ನಡೆದಿತ್ತೆಂಬುದನ್ನು ನೆನೆದರೆ ಆ ಶಿಕ್ಷೆಯ ಕ್ರೌರ್ಯ ಅರಿವಾದೀತು. ಆದರೆ 1974ರ ಏಪ್ರಿಲ್ 25ರಂದು ಆ ಸೈನ್ಯದ ಕಿರಿಯ ಅಧಿಕಾರಿಗಳೇ ಸರ್ವಾಧಿಕಾರವನ್ನು ಉರುಳಿಸಿದರು. ಮಾತಿಗೆ ಅವಕಾಶ ಸಿಗದಿದ್ದ ಮಾರ್ಟಿನ್ಸ್ 2009ರಲ್ಲಿ ದೇಶದ ನ್ಯಾಯಮಂತ್ರಿಯಾದರು.

ಆಟದಲ್ಲಿ ರಾಜಕೀಯ ಬೆರೆಯಬಾರದೆಂಬ ಮಾತು ಸಾಮಾನ್ಯವಾಗಿ ಸರಿಯೇ. ಆದರೆ ಸಭೆಯಲ್ಲಿ ಬಾಯಿ ಮುಚ್ಚಿಸಿದಾಗ, ಜನ ಮತ್ತೊಂದು ಅಂಗಳವನ್ನು ಹುಡುಕಿಕೊಳ್ಳುತ್ತಾರೆ. ಆ ಯುವಕ ಕೇಳಿದ್ದು ಮಾತನಾಡಲು ಕೆಲವು ನಿಮಿಷಗಳನ್ನು ಮಾತ್ರ. ಅಷ್ಟನ್ನು ಕೊಡಲಾರದ ಪ್ರಭುತ್ವ ಐದು ವರ್ಷ ಕಳೆಯುವಷ್ಟರಲ್ಲಿ ಇಲ್ಲವಾಯಿತು.