ಮಾಲುಗಣ್ಣು: ಚಿಕಿತ್ಸೆಯ ಇತಿಹಾಸ

ಎರಡೂ ಕಣ್ಣುಗಳ ನೋಟ ಒಂದೇ ಕಡೆ ನೆಡದೆ ಒಂದು ಕಣ್ಣು ಮೂಗಿನತ್ತಲೋ ಕಿವಿಯತ್ತಲೋ, ಕೆಲವೊಮ್ಮೆ ಮೇಲಕ್ಕೋ ಕೆಳಕ್ಕೋ ವಾಲುವ ಸ್ಥಿತಿ ಮಾಲುಗಣ್ಣು; ಆಡುಮಾತಿನಲ್ಲಿ ಮೆಳ್ಳೆಗಣ್ಣು. ಪ್ರತಿ ಕಣ್ಣುಗುಡ್ಡೆಯನ್ನೂ ಆರು ಸ್ನಾಯುಗಳು ಆಡಿಸುವುದರಿಂದ ದೋಷ ಸ್ನಾಯುವಿನದೇ ಇರಬೇಕೆಂದು ತೋರುವುದು ಸಹಜ. ವೈದ್ಯರೂ ಬಹುಕಾಲ ಹಾಗೆಯೇ ಎಣಿಸಿದ್ದರು. ಆದರೆ ಫಲ ಕೊಟ್ಟ ಚಿಕಿತ್ಸೆಗಳನ್ನೂ ಕೈಕೊಟ್ಟವನ್ನೂ ಜೊತೆಯಲ್ಲಿಟ್ಟು ನೋಡಿದರೆ, ಬಾಲ್ಯದ ಮಾಲುಗಣ್ಣು ಬಹುಮಟ್ಟಿಗೆ ಎರಡು ಕಣ್ಣು ಕೂಡಿ ನೋಡಲಾಗದ ತೊಂದರೆ, ಸ್ನಾಯು ಅದು ಹೊರಗೆ ಕಾಣಿಸಿಕೊಳ್ಳುವ ಜಾಗ ಎಂದೇ ಹೇಳಬೇಕಾಗುತ್ತದೆ.

7ನೇ ಶತಮಾನದ ಗ್ರೀಕ್ ವೈದ್ಯ ಪೌಲಸ್ ಈಜಿನೆಟ, ಕಣ್ಣಿನ ನೇರಕ್ಕೆ ತೂತುಗಳಿರುವ ಮುಖವಾಡವನ್ನು ಮಕ್ಕಳಿಗೆ ತೊಡಿಸಲು ಹೇಳಿದ. 1583ರಲ್ಲಿ ಜರ್ಮನಿಯ ಗೇಯೋರ್ಗ್ ಬಾರ್ಟಿಶ್ ಪ್ರಕಟಿಸಿದ ನೇತ್ರವೈದ್ಯ ಗ್ರಂಥದಲ್ಲೂ ಇಂಥ ಮುಖವಾಡಗಳ ಚಿತ್ರಗಳಿವೆ. ಆದರೆ ಮಗು ಒಂದೇ ತೂತಿನಿಂದ ನೋಡಿಕೊಂಡು ಇನ್ನೊಂದು ಕಣ್ಣನ್ನು ಅದರ ಪಾಡಿಗೆ ಬಿಡಬಹುದಿತ್ತು. 18ನೇ ಶತಮಾನದಲ್ಲಿ ಊರೂರು ಅಲೆಯುತ್ತಿದ್ದ ಇಂಗ್ಲಿಷ್ ವೈದ್ಯ ಜಾನ್ ಟೇಲರ್‌ನ ಯುಕ್ತಿ ಇದಕ್ಕಿಂತ ಹೆಚ್ಚು ಕಲಿಸುತ್ತದೆ. ಅವನು ವಾಲಿದ ಕಣ್ಣಿನ ಹೊರಪದರಕ್ಕೆ ಚಿಕ್ಕ ಗಾಯ ಮಾಡಿ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟುತ್ತಿದ್ದ; ವಾಲಿದ ಕಣ್ಣು ಆ ಕ್ಷಣವೇ ನೇರವಾಗುತ್ತಿತ್ತು. ಪಟ್ಟಿ ಬಿಚ್ಚುವ ಹೊತ್ತಿಗೆ ವೈದ್ಯ ಊರು ಬಿಟ್ಟಿರುತ್ತಿದ್ದ! ಮೋಸವೇ ಆದರೂ, ತಾನೊಂದೇ ನೋಡಬೇಕಾಗಿ ಬಂದಾಗ ಆ ಕಣ್ಣು ಸಲೀಸಾಗಿ ನೇರವಾಗಬಲ್ಲದೆಂದು, ಅಂದರೆ ಸ್ನಾಯು ಕೆಟ್ಟಿಲ್ಲವೆಂದು, ಅದು ತೋರಿಸಿಕೊಟ್ಟಿತು. ಅದೇ ಕಾಲದಲ್ಲಿ, 1743ರಲ್ಲಿ, ಫ್ರಾನ್ಸಿನ ಬುಫೋನ್ ಎರಡು ಕಣ್ಣುಗಳ ಶಕ್ತಿಯಲ್ಲಿನ ಅಸಮತೆಯೇ ಕಾರಣವೆಂದು ವಾದಿಸಿ, ಬಲವಾದ ಕಣ್ಣನ್ನು ಮುಚ್ಚಿ ದುರ್ಬಲ ಕಣ್ಣಿಗೆ ಕೆಲಸ ಕೊಡುವಂತೆ ಸೂಚಿಸಿದ. ಇಂದಿಗೂ ಮಕ್ಕಳ ಕಣ್ಣಿಗೆ ಪಟ್ಟಿ ಹಾಕುವುದು ಈ ತರ್ಕದಿಂದಲೇ.

ಆದರೂ ಗಮನ ಕತ್ತಿಯ ಕಡೆ ತಿರುಗಿತು. 1839ರ ಅಕ್ಟೋಬರ್ 26ರಂದು ಬರ್ಲಿನ್‌ನಲ್ಲಿ ಶಸ್ತ್ರವೈದ್ಯ ಡೀಫೆನ್‌ಬಾಖ್ ಏಳು ವರ್ಷದ ಹುಡುಗನ ಕಣ್ಣಿನ ಒಳಬದಿಯ ಸ್ನಾಯುವನ್ನು ಕತ್ತರಿಸಿದ. ಈಥರ್ ಅರಿವಳಿಕೆ ಬಳಕೆಗೆ ಬರಲು ಇನ್ನೂ ಏಳು ವರ್ಷವಿತ್ತು. ಯುರೋಪಿನಾದ್ಯಂತ ಈ ಶಸ್ತ್ರಕ್ರಿಯೆಯ ಹುಚ್ಚು ಹಬ್ಬಿತು. ಒಳಕ್ಕೆ ವಾಲಿದ್ದ ಎಷ್ಟೋ ಕಣ್ಣುಗಳು ಹೊರಕ್ಕೆ ವಾಲಿದವು. 1864ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾಂಡರ್ಸ್, ಒಳಕ್ಕೆ ವಾಲುವ ಕಣ್ಣಿಗೂ ದೂರದೃಷ್ಟಿ ದೋಷಕ್ಕೂ ಇರುವ ನಂಟನ್ನು ವಿವರಿಸಿದ: ಮಗು ಸ್ಪಷ್ಟವಾಗಿ ಕಾಣಲು ಹೆಣಗಿದಾಗ ಕಣ್ಣುಗಳೂ ಅದರೊಂದಿಗೆ ಒಳಕ್ಕೆ ಸೇರುತ್ತವೆ. ಅಂಥ ಮಗುವಿಗೆ ಬೇಕಾದದ್ದು ಪ್ಲಸ್ ಪವರ್‌ನ ಕನ್ನಡಕ. 1903ರಲ್ಲಿ ಲಂಡನ್ನಿನ ಕ್ಲಾಡ್ ವರ್ತ್ ಇನ್ನೂ ಮುಂದೆ ಹೋಗಿ, ಎರಡು ಬಿಂಬಗಳನ್ನು ಒಂದಾಗಿಸುವ ಮನಸ್ಸಿನ ಶಕ್ತಿಯ ಕೊರತೆಯೇ ಮೂಲವೆಂದ. 1960ರ ದಶಕದಲ್ಲಿ ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣಿನ ಸ್ನಾಯು ಕತ್ತರಿಸಿ ಮಾಲುಗಣ್ಣು ಬರಿಸಿದಾಗ, ಮಿದುಳಿನಲ್ಲಿ ಎರಡೂ ಕಣ್ಣುಗಳಿಗೆ ಸ್ಪಂದಿಸುವ ಜೀವಕೋಶಗಳು ತೀರ ಕಡಿಮೆಯಾದವು.

ಈ ಪ್ರಯೋಗದಲ್ಲೇ ಒಂದು ಆಕ್ಷೇಪವೂ ಅಡಗಿದೆ: ಕೆಟ್ಟದ್ದು ಮೊದಲು ಸ್ನಾಯುವಲ್ಲವೇ? ಹೌದು. ನರ ಸೋತು ಬರುವ ಮಾಲುಗಣ್ಣಿನಲ್ಲೂ ತೊಂದರೆ ಚಲನೆಯದೇ. ಮೇಲಿನ ವಾದ ಅದಕ್ಕೆ ಅನ್ವಯಿಸದು. ಆದರೆ ಮರಿಗಳಲ್ಲಿ ಉಳಿದ ಹಾನಿ ಮಿದುಳಿನಲ್ಲಿತ್ತು. ಶಸ್ತ್ರಕ್ರಿಯೆ ಇಂದಿಗೂ ನಡೆಯುತ್ತದಲ್ಲ, ಅಮೆರಿಕದ ಆಲನ್ ಸ್ಕಾಟ್ ಬಳಕೆಗೆ ತಂದ ಬೊಟುಲಿನಮ್ ಚುಚ್ಚುಮದ್ದೂ ಸ್ನಾಯುವಿಗೇ ಅಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಉತ್ತರ ಇಷ್ಟೇ: ಕಣ್ಣುಗಳು ಒಂದೇ ದಿಕ್ಕಿಗೆ ನಿಂತರೆ ಮಿದುಳಿಗೆ ಅವನ್ನು ಕೂಡಿಸುವ ಅವಕಾಶ ಸಿಗುತ್ತದೆ. ಕೂಡಿಸಿಯೇ ತೀರುತ್ತದೆಂಬ ಖಾತರಿಯಿಲ್ಲ. ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿಗೆ ಬಾಲ್ಯದ ಶಸ್ತ್ರಕ್ರಿಯೆಗಳಿಂದ ಕಣ್ಣು ನೇರವಾಗಿ ಕಾಣುವಂತಾದರೂ ಆಳದ ನೋಟ ಬಂದಿರಲಿಲ್ಲ. ಅದು ದಕ್ಕಿದ್ದು 48ರ ವಯಸ್ಸಿನಲ್ಲಿ, ದೃಷ್ಟಿ ತರಬೇತಿಯಿಂದ. ಒಬ್ಬರ ಅನುಭವ ಎಲ್ಲರಿಗೂ ಪ್ರಮಾಣವಲ್ಲ. ಬಾಲ್ಯ ಕಳೆದ ಮೇಲೆ ಏನೂ ಸಾಧ್ಯವಿಲ್ಲವೆಂಬ ಹಳೆಯ ಮಾತನ್ನು ಅಲುಗಿಸಲು ಮಾತ್ರ ಅದು ಸಾಕು.