ಜೀವಕೋಶದ ಹೊಂದಾಣಿಕೆ, ಹಾನಿ, ಮರಣ: ಮಂಗಳೂರಿನಲ್ಲಿ ಅಧ್ಯಯನ ಮತ್ತು ಚಿಕಿತ್ಸೆ

ಒತ್ತಡಕ್ಕೆ ಸಿಲುಕಿದ ಜೀವಕೋಶ ಮೊದಲು ಹೊಂದಿಕೊಳ್ಳುತ್ತದೆ, ಅದಾಗದಿದ್ದರೆ ಹಾನಿಗೊಳ್ಳುತ್ತದೆ, ಹಾನಿ ಮಿತಿ ಮೀರಿದರೆ ಸಾಯುತ್ತದೆ. ರೋಗಶಾಸ್ತ್ರದ ಅಡಿಪಾಯವೇ ಈ ತಿಳಿವಳಿಕೆ.

ಹಿನ್ನೆಲೆ: ಎಲ್ಲ ರೋಗಗಳ ನೆಲೆ ಜೀವಕೋಶವೇ ಎಂದು ರುಡಾಲ್ಫ್ ವಿರ್ಚೋ ಬರ್ಲಿನ್‌ನಲ್ಲಿ 1858ರಲ್ಲಿ ಪ್ರತಿಪಾದಿಸಿದ. ಮುಂದೆ ವೆನ್ಲಾಕ್ ಎಂದು ಹೆಸರಾದ ಮಂಗಳೂರಿನ ಸರ್ಕಾರಿ ಆಸ್ಪತ್ರೆ ಆರಂಭವಾದದ್ದು ಅದಕ್ಕೂ ಮೊದಲು, 1848ರಲ್ಲಿ. ಕೋಶಗಳು ತಾವಾಗಿಯೇ ಕ್ರಮಬದ್ಧವಾಗಿ ಅಳಿಯುವ ಬಗೆಗೆ ವಿಜ್ಞಾನಿಗಳಾದ ಕೆರ್, ವೈಲಿ ಮತ್ತು ಕರಿ 1972ರಲ್ಲಿ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಅದರ ಹಿಂದಿನ ಜೀನುಗಳನ್ನು ಪುಟ್ಟ ಹುಳುವೊಂದರಲ್ಲಿ ಗುರುತಿಸಿದ ಸಂಶೋಧನೆಗೆ 2002ರ ನೊಬೆಲ್ ಸಂದಿತು.

ಕಂಕನಾಡಿಯ ಕುಷ್ಠರೋಗ ಆಸ್ಪತ್ರೆ: ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಲ್ಪಿಸಿದರು. ಕುಷ್ಠದಲ್ಲಿ ಮೊಣಕೈ ಬಳಿಯ ನರ ಕೆಟ್ಟರೆ ಹೆಬ್ಬೆರಳು, ತೋರುಬೆರಳುಗಳ ನಡುವಿನ ಮಾಂಸ ಕರಗಿ ಗುಳಿ ಬೀಳುತ್ತದೆ, ಕಿರುಬೆರಳು ಮಡಚಿಕೊಳ್ಳುತ್ತದೆ. ಆ ಸ್ನಾಯುಕೋಶಗಳು ಕೂಡಲೇ ಸಾಯುವುದಿಲ್ಲ. ನರದ ಆಸರೆ ತಪ್ಪಿದಾಗ ಖರ್ಚು ತಗ್ಗಿಸಿ, ಕುಗ್ಗಿ ಬದುಕುತ್ತವೆ. ಕ್ಷೀಣತೆ ಎಂಬ ಹೊಂದಾಣಿಕೆ ಇದೇ. ನರ ಕೆಡುವ ಮೊದಲೇ ಮದ್ದು ಸಿಕ್ಕಿದರೆ ಕೈ ಉಳಿಯುತ್ತದೆ.

ವೈದ್ಯಕೀಯ ಶಿಕ್ಷಣ: ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮಂಗಳೂರು ಶಾಖೆ 1955ರಲ್ಲಿ ಆರಂಭವಾಯಿತು. ವೆನ್ಲಾಕ್ ಮತ್ತು ಲೇಡಿ ಗೋಶನ್ ಆಸ್ಪತ್ರೆಗಳ ವಾರ್ಡುಗಳೇ ವಿದ್ಯಾರ್ಥಿಗಳ ಪಾಠಶಾಲೆಗಳಾದವು. ಅಡಿಕೆಯ ಈ ಸೀಮೆಯಲ್ಲಿ ಎಲೆಯಡಿಕೆಯೂ ಪಾಠ ಹೇಳುತ್ತದೆ: ನಿತ್ಯದ ತಿಕ್ಕಾಟ ತಾಳಲು ಕೆನ್ನೆಯ ಒಳಪದರ ದಪ್ಪವಾಗಿ ಬೆಳ್ಳಗಾಗಬಹುದು, ಅಂಥ ಮಚ್ಚೆ ಮುಂದೆ ಕ್ಯಾನ್ಸರಿಗೆ ತಿರುಗಲೂಬಹುದು. ಹೊಂದಾಣಿಕೆಯೆಲ್ಲ ಆರೋಗ್ಯವಲ್ಲ.

ಹೃದಯಾಘಾತ ಮತ್ತು ಕಾಲ: ರಕ್ತ ನಿಂತ ಹೃದಯಸ್ನಾಯು ಸುಮಾರು 20–30 ನಿಮಿಷಗಳವರೆಗೆ ಪೂರ್ತಿ ಚೇತರಿಸಿಕೊಳ್ಳಬಲ್ಲದು. ಆಮೇಲೆ ಮರಣ ಒಳಪದರದಲ್ಲಿ ಶುರುವಾಗಿ ಗಂಟೆಗಟ್ಟಲೆ ಹೊರಕ್ಕೆ ಹಬ್ಬುತ್ತದೆ. ಸತ್ತ ಕೋಶವೂ ಮೊದಲ ಕೆಲವು ಗಂಟೆ ಸಾಧಾರಣ ಸೂಕ್ಷ್ಮದರ್ಶಕದಡಿ ಸಹಜವಾಗಿಯೇ ಕಾಣುತ್ತದೆ. ಬಳಿಕ ಬಣ್ಣ ಹಾಕಿದ ಸ್ಲೈಡಿನಲ್ಲಿ ಗಾಢ ಗುಲಾಬಿಯಾಗುತ್ತದೆ, ಕೋಶಕೇಂದ್ರ ಮುದುಡಿ ಕೊನೆಗೆ ಮಾಯವಾಗುತ್ತದೆ. ಮರಣ ಪೂರ್ತಿ ಹಬ್ಬುವ ಮೊದಲೇ ರಕ್ತ ಮತ್ತೆ ಹರಿದರೆ ಉಳಿದ ಕೋಶಗಳು ಬದುಕುತ್ತವೆ.

ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಈ ತಿಳಿವಳಿಕೆಯನ್ನು ಹಳ್ಳಿಗೆ ಮುಟ್ಟಿಸಿತು. ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಒದಗಿಸಿ, ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸ್‌ಆ್ಯಪ್ ಮೂಲಕ ತಜ್ಞರಿಗೆ ತೋರಿಸುವ ವ್ಯವಸ್ಥೆಯಿದು. ಹಾನಿ ಮರಣವಾಗುವ ಮೊದಲಿನ ಅಲ್ಪಾವಧಿಯಲ್ಲಿ ದೂರದೂರಿನ ರೋಗಿಗೂ ನೆರವು ಸಿಗಬೇಕು. ಕೋಶವಿಜ್ಞಾನ ಸಾರ್ಥಕವಾಗುವುದು ಅಲ್ಲಿಯೇ.