ಕೆಂಪುಕೋಟೆಯಿಂದ ಲೋಕಸಭೆಗೆ

ಸೇನಾನಿಯೊಬ್ಬನು ಸಂಸತ್ಸದಸ್ಯನಾದನೆಂದರೆ ಪದಕ, ಪದವಿ, ಗೌರವದ ನಿವೃತ್ತಿ ಇವೇ ನಮ್ಮ ಕಣ್ಣೆದುರು ನಿಲ್ಲುತ್ತವೆ. ಆದರೆ ನಮ್ಮ ಮೊದಲನೆಯ ಲೋಕಸಭೆಗೆ ಬಂದ ಇಬ್ಬರನ್ನು ಸ್ವತಂತ್ರ ಭಾರತದ ಸೇನೆಯೂ ಮರಳಿ ಸೇರಿಸಿಕೊಂಡಿರಲಿಲ್ಲ.

ಒಬ್ಬರು ರಾವಳಪಿಂಡಿ ಸೀಮೆಯ ಶಾಹನವಾಜ ಖಾನರು. ೧೯೪೨ರಲ್ಲಿ ಸಿಂಗಾಪುರ ಬಿದ್ದಾಗ ಜಪಾನೀಯರಿಗೆ ಸೆರೆಸಿಕ್ಕಿ, ಅನಂತರ ಆಜಾದ್ ಹಿಂದ್ ಫೌಜನ್ನು ಸೇರಿದರು. ೧೯೪೫ರ ನವೆಂಬರದಲ್ಲಿ ಅವರನ್ನೂ ಪ್ರೇಮ ಸಹಗಲ್, ಗುರುಬಕ್ಷ ಸಿಂಗ್ ಧಿಲ್ಲೋನ್ ಅವರನ್ನೂ ಕೆಂಪುಕೋಟೆಯ ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಲಾಯಿತು. ಆರೋಪ, ದೊರೆಯ ವಿರುದ್ಧ ಯುದ್ಧ ಹೂಡಿದ್ದು. ಅವರ ಪರವಾಗಿ ವಾದಿಸಿದವರು ಭೂಲಾಭಾಯಿ ದೇಸಾಯಿಯವರು. ನ್ಯಾಯಾಲಯ ಜೀವಾವಧಿ ಗಡೀಪಾರು ವಿಧಿಸಿತು. ದೇಶವೆಲ್ಲ ಕುದಿಯುತ್ತಿದ್ದುದನ್ನು ಕಂಡ ಸೇನಾಧಿಪತಿ ಆಕಿನ್‌ಲೆಕ್ ೧೯೪೬ರ ಜನವರಿಯಲ್ಲಿ ಗಡೀಪಾರನ್ನು ರದ್ದುಪಡಿಸಿದರು. ನೌಕರಿಯಿಂದ ವಜಾ ಮಾಡಿದ್ದನ್ನು ಮಾತ್ರ ಹಾಗೆಯೇ ಉಳಿಸಿದರು.

ಸ್ವಾತಂತ್ರ್ಯ ಬಂದಿತು. ನೆಹರೂ ಅವರು ಆ ವಿಚಾರಣೆಯಲ್ಲಿ ವಕೀಲರ ನಿಲುವಂಗಿ ತೊಟ್ಟು ಪ್ರತಿವಾದಿಗಳ ಪಕ್ಷದಲ್ಲಿ ಕುಳಿತವರು. ಅವರ ಸರಕಾರವೂ ಫೌಜಿನವರಿಗೆ ಸೇನೆಯ ಬಾಗಿಲು ತೆರೆಯಲಿಲ್ಲ. ಸೇನೆಯ ಶಿಸ್ತು, ಒಗ್ಗಟ್ಟುಗಳ ಚಿಂತೆ ಅದಕ್ಕಿದ್ದಿತು. ಆ ಚಿಂತೆ ಪೊಳ್ಳೆಂದು ನಾವು ಹೇಳಲಾರೆವು. ಆದರೆ ೧೯೫೨ರ ಚುನಾವಣೆಯಲ್ಲಿ ಮೀರತ್ ಜಿಲ್ಲೆಯ ಮತದಾರರು ಖಾನರನ್ನು ಲೋಕಸಭೆಗೆ ಕಳಿಸಿದರು. ಕಾಂಗ್ರೆಸ್ಸಿನ ಬಲ ಬೆನ್ನಿಗಿತ್ತೆಂಬುದು ನಿಜವೇ. ಹುಟ್ಟೂರು ಪಾಕಿಸ್ತಾನದ ಪಾಲಾಗಿತ್ತು. ದೇಶ ಒಡೆದು ಐದು ವರ್ಷವೂ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲಿ ಅಲ್ಲಿಂದ ಬಂದ ಮುಸಲ್ಮಾನ ಸೇನಾನಿಗೆ ಮೀರತ್ತಿನ ಜನ ಮತ ಕೊಟ್ಟರೆಂಬುದನ್ನು ಪಕ್ಷದ ಬಲವೊಂದರಿಂದಲೇ ವಿವರಿಸಲಾದೀತೆ? ೧೯೫೭, ೧೯೬೨, ೧೯೭೧ರಲ್ಲಿಯೂ ಅವರು ಗೆದ್ದರು. ನಡುವೆ ೧೯೬೭ರಲ್ಲಿ ಸೋತರು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳದ ಹೊಣೆಯನ್ನೂ ಅವರು ಹೊತ್ತಿದ್ದರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಇನ್ನೊಬ್ಬರು, ಗೋವೆಯ ಗಡಿಗೆ ತಾಗಿದ ಸಾವಂತವಾಡಿ ಸೀಮೆಯ ಜಗನ್ನಾಥರಾವ ಭೋಸಲೆಯವರು, ಫೌಜಿನ ಹಿರಿಯ ಅಧಿಕಾರಿಗಳು. ರತ್ನಾಗಿರಿಯ ಕಡೆಯಿಂದ ಆರಿಸಿಬಂದು ಪುನರ್ವಸತಿ ಖಾತೆಯ ಉಪಮಂತ್ರಿಗಳಾದರು. ನಿರಾಶ್ರಿತರ ಮಕ್ಕಳಿಗಾಗಿ ೧೯೫೪ರಲ್ಲಿ ಅವರು ಆರಂಭಿಸಿದ ರಾಷ್ಟ್ರೀಯ ಶಿಸ್ತು ಯೋಜನೆ ಮುಂದೆ ದೇಶದ ಅನೇಕ ಶಾಲೆಗಳ ಅಂಗಳಕ್ಕೆ ಬಂದಿತು. ಸೇನೆಗೆ ಬೇಡವಾದ ಕವಾಯತು ಹೀಗೆ ಮಕ್ಕಳ ಪಾಲಿಗೆ ಬಂದಿತೆನ್ನೋಣವೆ! ನಮ್ಮ ಹಿರಿಯ ಅಧ್ಯಾಪಕರಲ್ಲಿ ಕೆಲವರಿಗಾದರೂ ಅದರ ನೆನಪಿರಬಹುದು.

ಫೌಜಿನ ಸಾಮಾನ್ಯ ಸಿಪಾಯಿಗೆ ಇಂತಹ ಪೀಠ ದೊರೆಯಲಿಲ್ಲ. ಅವನು ಕೇಂದ್ರದ ಪಿಂಚಣಿಗೆ ಅರ್ಹನಾದದ್ದು ೧೯೭೨ರ ಯೋಜನೆಯಿಂದ. ಅದೂ ಸೈನಿಕನೆಂದಲ್ಲ, ಸ್ವಾತಂತ್ರ್ಯಯೋಧನೆಂದು.